ಲೆಕ್ಕ ಕೇಳಿದರೆ ಮುನಿಸೇಕೆ?

ತುಮಕೂರಿನ ಮಂಡಿಪೇಟೆಯಲ್ಲಿ ಅಂಗಡಿಗಳ ಬೋರ್ಡು ಓದುತ್ತಾ ನಡೆದರೆ ಊರಿನ ಅರ್ಧ ಸಂಸಾರ ಸಮಾಚಾರ ತಿಳಿಯುತ್ತದೆ. ಇಂಥವರು ಅಂಡ್ ಬ್ರದರ್ಸ್, ಇಂಥವರು ಅಂಡ್ ಸನ್ಸ್, ಇಂಥವರು ಅಂಡ್ ಕೋ. ಒಳಗೆ ಹೋಗಿ ನೋಡಿದರೆ ಎಷ್ಟೋ ಕಡೆ ಬ್ರದರ್ಸ್ ಬೋರ್ಡಿನ ಕೆಳಗೆ ಒಬ್ಬರೇ ಕೂತಿರುತ್ತಾರೆ. ಇನ್ನೊಬ್ಬ ಬ್ರದರ್ರು ಎದುರು ಸಾಲಿನಲ್ಲಿ ಬೇರೆ ಮಳಿಗೆ ಇಟ್ಟಿರುತ್ತಾರೆ. ಬೋರ್ಡು ಬದಲಿಸಲು ದುಡ್ಡು ದಂಡ ಎಂದು ಹಾಗೇ ಬಿಟ್ಟಿರುತ್ತಾರೆ, ಅಷ್ಟೆ.

ಮದುವೆಯ ಕತೆಯೂ ಹೆಚ್ಚು ಬೇರೆಯಲ್ಲ. ದೇವರಾಯನದುರ್ಗದ ಭೋಗನರಸಿಂಹನ ಎದುರು, ಕುಣಿಗಲ್ ತಾಲ್ಲೂಕಿನ ಯಡಿಯೂರು ಸಿದ್ಧಲಿಂಗೇಶ್ವರನ ಎದುರು ಹಾರ ಬದಲಾಯಿಸಿಕೊಂಡ ಜೋಡಿಗಳೆಲ್ಲ ಹಿರಿಯರಿಂದ ಒಂದೇ ಆಶೀರ್ವಾದ ಪಡೆದು ಹೊರಡುತ್ತವೆ: ಹೊಂದಿಕೊಂಡು ಬಾಳಿ. ಕೆಲವು ಜೋಡಿ ನಲವತ್ತು ವರ್ಷ ಬಾಳುತ್ತವೆ, ಕೆಲವು ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ. ಹೊಂದಾಣಿಕೆ ಎಂದರೆ ಏನು, ಅದು ಯಾವುದರಿಂದ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಜೊತೆಗಾರಿಕೆ ನಿಲ್ಲುವುದು ಯಾವುದರ ಮೇಲೆ ಎಂದು ಕೇಳಿದರೆ ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಜನ ‘ನಂಬಿಕೆ’ ಎನ್ನುತ್ತಾರೆ. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಈ ಸೀಮೆಯಲ್ಲಿ ಬಾಳಿದ ಮತ್ತು ಮುರಿದ ಪಾಲುದಾರಿಕೆಗಳನ್ನು ಒಂದೊಂದಾಗಿ ನೋಡುತ್ತಾ ಬಂದರೆ, ಲೆಕ್ಕ ತೆರೆದಿದ್ದ ಕಡೆ ನಂಬಿಕೆ ತಾನಾಗಿ ಬೆಳೆದಿದೆ. ನಂಬಿಕೆಯ ಹೆಸರಿನಲ್ಲಿ ಲೆಕ್ಕ ಮುಚ್ಚಿಟ್ಟ ಕಡೆ ಎರಡೂ ಹೋಗಿವೆ. ಆದರೆ ನಮ್ಮ ಮನೆಗಳಲ್ಲಿ ಲೆಕ್ಕ ಕೇಳುವುದೇ ಅವಮಾನ. ‘ಅಣ್ಣತಮ್ಮಂದಿರಲ್ಲಿ ಎಂಥಾ ಲೆಕ್ಕ’ ಎಂದು ಶುರುವಾದದ್ದು ಸರ್ವೇಯರನ್ನು ಕರೆಸುವಲ್ಲಿಗೆ ಮುಗಿಯುತ್ತದೆ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಳೆಯ ಕಾಲದ ರೈತರು ಈ ವಿಷಯದಲ್ಲಿ ನಮಗಿಂತ ನಿಷ್ಠುರವಾಗಿದ್ದರು. ಮುಯ್ಯಾಳಿನ ಪದ್ಧತಿಯನ್ನೇ ನೋಡಿ. ಇವತ್ತು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಮ್ಮ ರಾಗಿ ಕೊಯ್ಲಿಗೆ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ಕಾಗದವಿಲ್ಲ, ಸಹಿಯಿಲ್ಲ. ಆದರೆ ದೊಡ್ಡಾಳಿನ ಬದಲು ಹುಡುಗನನ್ನು ಕಳಿಸಿದರೆ ಅಲ್ಲೇ ಬದುವಿನ ಮೇಲೆ ಮಾತು ಬರುತ್ತಿತ್ತು. ಮದುವೆ ಮನೆಯ ಮುಯ್ಯಿಗೂ ಒಂದು ಪುಸ್ತಕ. ಯಾರು ಎಷ್ಟು ಓದಿಸಿದರು ಎಂದು ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟಕ್ಕೆ ಸ್ವಲ್ಪ ಸೇರಿಸಿ ಹಿಂದಿರುಗಿಸುತ್ತಿದ್ದರು. ಕುರಿ ಪಾಲಿಗೆ ಬಿಡುವಾಗಲೂ ಹಾಗೆಯೇ. ಒಬ್ಬನದು ಕುರಿ, ಇನ್ನೊಬ್ಬನದು ಮೇಯಿಸುವ ಕೆಲಸ, ಹುಟ್ಟಿದ ಮರಿಗಳಲ್ಲಿ ಅರ್ಧ ಅರ್ಧ. ತಾಯಿ ಕುರಿ ಸತ್ತರೆ ಯಾರ ತಲೆಗೆ ಎಂಬುದನ್ನು ಹಟ್ಟಿಯಿಂದ ಹೊಡೆದುಕೊಂಡು ಹೋಗುವ ಮೊದಲೇ ಆಡಿಕೊಂಡಿರುತ್ತಾರೆ. ಆ ಜನಕ್ಕೆ ಪ್ರೀತಿ ಕಡಿಮೆಯಿತ್ತು ಎಂದು ಯಾರೂ ಹೇಳಲಾರರು.

ಜಮೀನು ವಾರಕ್ಕೆ ಕೊಡುವ ವಿಷಯ ಮಾತ್ರ ವಿಚಿತ್ರವಾಗಿ ತಿರುಗಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಭೂಮಿ ಕೊಟ್ಟಿತು. ಅದರ ಋಣ ದೊಡ್ಡದು. ಅದೇ ಕಾನೂನು ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನು, ಸೈನಿಕರಂಥ ಕೆಲವರನ್ನು ಬಿಟ್ಟು, ನಿಷೇಧಿಸಿತು. ಆದರೆ ವಾರ ನಿಲ್ಲಲಿಲ್ಲ. ಬೆಂಗಳೂರು ಸೇರಿದವರ ಹೊಲವನ್ನು ಊರಲ್ಲಿ ಉಳಿದವರು ಇವತ್ತೂ ಮಾಡುತ್ತಾರೆ. ಕಾಗದದ ಮೇಲೆ ಬರುವಂತಿಲ್ಲವಾದ್ದರಿಂದ ಎಲ್ಲವೂ ಬಾಯಿ ಮಾತು. ಒಡೆಯನಿಗೆ ಜಮೀನು ಹೋದೀತೆಂಬ ಭಯ, ಮಾಡುವವನಿಗೆ ಮುಂದಿನ ವರ್ಷ ಬಿಡಿಸಿಯಾರೆಂಬ ಭಯ. ಹೀಗಾಗಿ ಯಾರೂ ಗೋಡು ಹೊಡೆಸುವುದಿಲ್ಲ, ಬದು ಹಾಕಿಸುವುದಿಲ್ಲ. ಬರೆದಿಡಲಾಗದ ಪಾಲುದಾರಿಕೆ ಮಣ್ಣನ್ನು ಏನು ಮಾಡುತ್ತದೆ ಎಂದು ನೋಡಬೇಕಿದ್ದರೆ ಊರ್ಡಿಗೆರೆ ಕಡೆಯ ಇಂಥ ಹೊಲಗಳನ್ನು ನೋಡಿ ಬರಬಹುದು.

ಇವತ್ತಿನ ಹಳ್ಳಿಯಲ್ಲಿ ಪಾಲುದಾರಿಕೆಯ ನಿಜವಾದ ಪರೀಕ್ಷೆ ನಡೆಯುವುದು ಕೊಳವೆಬಾವಿಯ ಹತ್ತಿರ. ಅಣ್ಣತಮ್ಮಂದಿರು ಭಾಗವಾದಾಗ ತೆಂಗಿನ ಮರ ಎಣಿಸಿ ಹಂಚಬಹುದು, ಅಡಿಕೆ ತೋಟಕ್ಕೆ ನಡುವೆ ಕಲ್ಲು ನೆಡಬಹುದು, ಬೋರನ್ನು ಏನು ಮಾಡುವುದು? ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತ್ರಿಯಿಲ್ಲದ ಸೀಮೆಯಲ್ಲಿ ಎರಡನೆಯದನ್ನು ಕೊರೆಸುವ ಧೈರ್ಯ ಇಬ್ಬರಿಗೂ ಇರುವುದಿಲ್ಲ. ಆದ್ದರಿಂದ ಒಂದೇ ಮೋಟರು, ಒಂದೇ ಸ್ಟಾರ್ಟರು, ಎರಡು ಕಡೆಗೆ ಎರಡು ಗೇಟ್‌ವಾಲು, ದಿನ ಬಿಟ್ಟು ದಿನ ಸರದಿ.

“ಏನಣ್ಣ, ರಾತ್ರಿ ತ್ರೀ ಫೇಸ್ ಬಂದಿತ್ತಂತಲ್ಲ, ನನ್ ಕಡೆ ವಾಲ್ ತಿರುವ್ಲೇ ಇಲ್ಲ?”

“ಬಂದಿದ್ದೇ ಒಂದು ಗಂಟೆ ಕಣಪ್ಪ, ನಿನ್ನನ್ನ ಎಬ್ಬಿಸೋದು ಯಾಕೆ ಅಂತ ಸುಮ್ಮನಾದೆ.”

ಇಲ್ಲಿಂದ ಮಾತು ಎಲ್ಲಿಗೆ ಬೇಕಾದರೂ ಹೋಗಬಹುದು. ಮೋಟರು ಸುಟ್ಟ ದಿನವಂತೂ ಕೇಳಬೇಡಿ. ಸುಟ್ಟದ್ದು ಯಾರ ಸರದಿಯಲ್ಲಿ, ಪೈಪು ಎತ್ತಿಸುವ ಕೂಲಿ ಯಾರದು, ರಿವೈಂಡಿಂಗ್ ಖರ್ಚು ಸಮ ಪಾಲೋ ತೋಟದ ಅಳತೆಯ ಪ್ರಕಾರವೋ? ಕೆಲವು ತೋಟಗಳಲ್ಲಿ ಮೋಟರ್ ಮನೆಯ ಗೋಡೆಗೆ ಮೊಳೆ ಹೊಡೆದು ಒಂದು ನೋಟ್‌ಬುಕ್ ತೂಗುಹಾಕಿರುತ್ತಾರೆ. ಎಷ್ಟು ಹೊತ್ತಿಗೆ ಕರೆಂಟು ಬಂತು, ಎಷ್ಟು ಹೊತ್ತಿಗೆ ಹೋಯಿತು, ಯಾರ ಕಡೆ ಬಿಟ್ಟಿತ್ತು, ಹೋದ ಸಲದ ರಿಪೇರಿಗೆ ಯಾರು ಎಷ್ಟು ಕೊಟ್ಟರು ಎಂಬುದೆಲ್ಲ ಎಣ್ಣೆ ಕೈಯ ಗುರುತಿನ ಸಮೇತ ಅದರಲ್ಲಿರುತ್ತದೆ. ಅಂಥ ಅಣ್ಣತಮ್ಮಂದಿರೂ ಜಗಳ ಆಡುತ್ತಾರೆ, ಆದರೆ ಅದು ಆ ದಿನದ ಜಗಳ. ನೋಟ್‌ಬುಕ್ ಇಲ್ಲದವರ ಜಗಳದಲ್ಲಿ ಅಪ್ಪನ ತಿಥಿಗೆ ಯಾರು ಎಷ್ಟು ಹಾಕಿದರು ಎಂಬುದೂ ಬರುತ್ತದೆ, ಅತ್ತಿಗೆಯ ಓಲೆಯೂ ಬರುತ್ತದೆ.

ಇದೇ ಜಗಳ ತಾಲ್ಲೂಕುಗಳ ನಡುವೆಯೂ ನಡೆದಿದೆ. ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರಿಗೆ ಗುಬ್ಬಿಯೂ ಪಾಲುದಾರ, ಕುಣಿಗಲ್ಲೂ ಪಾಲುದಾರ. ನಾಲೆಯ ಕೊನೆಯಲ್ಲಿರುವ ನಮಗೆ ನಮ್ಮ ಪಾಲು ಬಂದದ್ದೇ ಇಲ್ಲ ಎನ್ನುವುದು ಕುಣಿಗಲ್ಲಿನ ಮಾತು. ನೇರ ಕೊಳವೆಯಲ್ಲಿ ಅಲ್ಲಿಗೆ ನೀರೊಯ್ದರೆ ನಮ್ಮ ಕೆರೆಗಳ ಗತಿಯೇನು ಎನ್ನುವುದು ಗುಬ್ಬಿ, ತುಮಕೂರಿನವರ ಮಾತು. ಹೀಗೆ ನೇರವಾಗಿ ನೀರೊಯ್ಯುವ ಎಕ್ಸ್‌ಪ್ರೆಸ್ ಕೆನಾಲ್ ಯೋಜನೆಯ ವಿರುದ್ಧ 2025ರಲ್ಲಿ ಗುಬ್ಬಿ ಕಡೆ ಸಾವಿರಾರು ರೈತರು ಬೀದಿಗಿಳಿದರು. ಎರಡೂ ಕಡೆಯವರು ರೈತರೇ, ಇಬ್ಬರ ಭಯವೂ ನಿಜವೇ. ಯಾವ ತೂಬಿನಲ್ಲಿ ಎಷ್ಟು ನೀರು ಹರಿಯಿತು ಎಂಬ ಅಳತೆಯನ್ನು ಇಬ್ಬರೂ ಒಪ್ಪುವ ಹಾಗೆ ದಿನಾ ಊರ ಮುಂದೆ ಬರೆದು ಹಾಕಿದ್ದಿದ್ದರೆ ಅನುಮಾನ ಇಷ್ಟು ದೂರ ಬೆಳೆಯುತ್ತಿರಲಿಲ್ಲ ಎಂಬುದು ನನ್ನ ಎಣಿಕೆ.

ಇನ್ನು ಬಾಳಿದ ಪಾಲುದಾರಿಕೆಗೆ ಬರೋಣ. ಈ ಜಿಲ್ಲೆ ಕನ್ನಡಕ್ಕೆ ಕೊಟ್ಟ ಅತಿ ದೊಡ್ಡ ಕೂಡುವಳಿ ಗುಬ್ಬಿ ಕಂಪನಿ. 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮತ್ತು ಗೆಳೆಯರು ಸೇರಿ ಕಟ್ಟಿದ್ದು ಗುಬ್ಬಿ ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘ. ಹೆಸರಿನಲ್ಲಿ ಊರ ದೇವರು, ಪಾಲಿನಲ್ಲಿ ಸಾಹೇಬರು. ಅದನ್ನು ಯಾರೂ ದೊಡ್ಡ ಸಂಗತಿ ಎಂದುಕೊಂಡಂತೆ ಕಾಣುವುದಿಲ್ಲ. ಬಾಲನಟನಾಗಿ ಅದರೊಳಗೆ ಬಂದ ವೀರಣ್ಣನವರು 1917ರ ಹೊತ್ತಿಗೆ ಕಂಪನಿಯ ಯಜಮಾನರಾದರು. 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ನನಗೆ ಆನೆಗಿಂತ ದೊಡ್ಡದಾಗಿ ಕಾಣುವುದು ಬೇರೆ ಒಂದು ಸಂಗತಿ. ಕಂಪನಿಯ ಯಜಮಾನರಾಗಿದ್ದೂ ವೀರಣ್ಣ ಹೆಸರು ಮಾಡಿದ್ದು ರಾಜನ ಪಾತ್ರದಲ್ಲಿ ಅಲ್ಲ. ‘ಸದಾರಮೆ’ಯ ಕಳ್ಳನಾಗಿ, ಹಾಸ್ಯಗಾರನಾಗಿ. ಕಿರೀಟ, ಹಾಡು, ಚಪ್ಪಾಳೆಗಳ ಪಾತ್ರಗಳು ಅದಕ್ಕೆ ತಕ್ಕ ಕಂಠ, ಮೈಕಟ್ಟು ಇದ್ದವರಿಗೆ ಹೋಗುತ್ತಿದ್ದವು. ದುಡ್ಡು ಹಾಕಿದವನೇ ನಾಯಕನಾಗಬೇಕು ಎಂಬ ಹಟ ಎಷ್ಟು ನಾಟಕ ಕಂಪನಿಗಳನ್ನು, ಆಮೇಲೆ ಎಷ್ಟು ಸಿನಿಮಾ ನಿರ್ಮಾಪಕರನ್ನು ಮುಳುಗಿಸಿದೆ ಎಂದು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಯಾರಿಗೆ ಯಾವ ಕೆಲಸ ಬರುತ್ತದೋ ಅವರಿಗೆ ಆ ಕೆಲಸ, ಯಜಮಾನಿಕೆ ಬೇರೆ, ಪಾತ್ರ ಬೇರೆ.

ಕಂಪನಿ ಎಂದರೆ ಆಗ ಕಚೇರಿಯೂ ಹೌದು, ಮನೆಯೂ ಹೌದು. ಒಂದೂರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು, ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ, ರಾತ್ರಿ ಎಲ್ಲಾ ಆಟ. ವೀರಣ್ಣನವರ ಪತ್ನಿ ಬಿ. ಜಯಮ್ಮ ಅದೇ ಕಂಪನಿಯ ಹೆಸರಾಂತ ನಟಿ, ಗಾಯಕಿ. ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರದ ನಾಯಕಿ. ಇದನ್ನು ಆದರ್ಶ ದಾಂಪತ್ಯ ಎಂದು ಹೊಗಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ವೀರಣ್ಣನವರಿಗೆ ಒಂದಕ್ಕಿಂತ ಹೆಚ್ಚು ಮದುವೆಯಾಗಿತ್ತು. ಆ ಮನೆಯಲ್ಲಿ ಹೆಂಗಸರ ಪಾಲಿಗೆ ಬಂದ ಸೈರಣೆ ಎಷ್ಟು, ಸುಖ ಎಷ್ಟು ಎಂದು ಹೊರಗಿನಿಂದ ಅಳೆಯಲಾಗದು. ಹೆಣ್ಣಿನ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ನಟಿಯರಿಗೆ ರಂಗದ ಮೇಲೆ ಗೌರವದ ಜಾಗ, ಸಂಬಳ, ಹೆಸರು ಸಿಕ್ಕ ಕಡೆಗಳಲ್ಲಿ ಗುಬ್ಬಿ ಕಂಪನಿ ಮುಖ್ಯವಾದದ್ದು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರವರೆಗೆ ಆ ಕಸುಬು ಹರಿದು ಬಂದಿದೆ.

ಕಂಪನಿಯ ಇನ್ನೊಂದು ಗುಣ, ಹೋಗುವವರನ್ನು ಹೋಗಲು ಬಿಟ್ಟದ್ದು. ಮನೆಬಿಟ್ಟು ಬಂದು ಸೇರಿದ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣ ಓದಲು ಬನಾರಸ್ಸಿಗೆ ಕಳಿಸಿದರು. ಕಾರಂತರು ಗುಬ್ಬಿಯ ಪರದೆಯ ಹಿಂದಕ್ಕೆ ಮರಳಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು, ಮುಂದೆ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಲಾಭ ನಷ್ಟದ ಪುಸ್ತಕದಲ್ಲಿ ಇದು ನಷ್ಟ, ಕನ್ನಡ ರಂಗಭೂಮಿಯ ಪುಸ್ತಕದಲ್ಲಿ ಅಲ್ಲ.

1954ರಲ್ಲಿ ಗುಬ್ಬಿಯವರೂ ಮದರಾಸಿನ ಎವಿಎಂ ಸ್ಟುಡಿಯೊದವರೂ ಕೈಜೋಡಿಸಿ ‘ಬೇಡರ ಕಣ್ಣಪ್ಪ’ ತೆಗೆದರು. ಒಬ್ಬರ ಹತ್ತಿರ ಪಳಗಿದ ನಟರು, ಇನ್ನೊಬ್ಬರ ಹತ್ತಿರ ಕ್ಯಾಮೆರಾ, ಫ್ಲೋರು. ನಿರ್ದೇಶನ ಎಚ್.ಎಲ್.ಎನ್. ಸಿಂಹ ಅವರದು. ರಾಜ್‌ಕುಮಾರ್ ನಾಯಕರಾದದ್ದು, ತಿಪಟೂರಿನ ನರಸಿಂಹರಾಜು ಪರದೆಗೆ ಬಂದದ್ದು ಅಲ್ಲಿಂದ. ಕನ್ನಡ ಚಿತ್ರಗಳಿಗೆ ಬಂಡವಾಳ ಹಾಕುವವರು ಸಿಗದೆ ಕೈಕಟ್ಟಿ ಕೂರುವ ಕಾಲ ಬಂದಾಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕ ಆಡಿ, 1960ರಲ್ಲಿ ‘ರಣಧೀರ ಕಂಠೀರವ’ ತೆರೆಗೆ ತಂದರು. ನಾಲ್ವರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಒಟ್ಟಿಗೆ ಕೆಲಸ ಮಾಡುವುದನ್ನು ಅವರು ಯಾವ ತರಬೇತಿ ಶಿಬಿರದಲ್ಲೂ ಕಲಿತವರಲ್ಲ.

ಕಾನೂನು ಈ ಎಲ್ಲದರ ಬಗ್ಗೆ ಏನನ್ನುತ್ತದೆ? 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಓದಲು ಬೇಸರ ತರಿಸಿದರೂ ಮನುಷ್ಯರನ್ನು ಚೆನ್ನಾಗಿ ಬಲ್ಲವರು ಬರೆದದ್ದು. ಅದರ 5ನೇ ಕಲಮು ಪಾಲುದಾರಿಕೆ ಹುಟ್ಟುವುದು ಒಪ್ಪಂದದಿಂದಲೇ ಹೊರತು ಹುಟ್ಟಿನಿಂದಲ್ಲ ಎನ್ನುತ್ತದೆ. ಅವಿಭಕ್ತ ಕುಟುಂಬದವರು ಕೂಡಿ ಅಂಗಡಿ ನಡೆಸಿದ ಮಾತ್ರಕ್ಕೆ ಪಾಲುದಾರರಾಗುವುದಿಲ್ಲ. ಮಂಡಿಪೇಟೆಯ ಬ್ರದರ್ಸ್ ಎಡವುವುದೇ ಇಲ್ಲಿ. ರಕ್ತಸಂಬಂಧವನ್ನೇ ಕರಾರು ಪತ್ರ ಎಂದುಕೊಂಡಿರುತ್ತಾರೆ. 9ನೇ ಕಲಮು ಒಬ್ಬರಿಗೊಬ್ಬರು ಸರಿಯಾದ ಲೆಕ್ಕ ಒಪ್ಪಿಸಬೇಕು ಎಂದು ವಿಧಿಸುತ್ತದೆ. 13ನೆಯದು, ಬೇರೆ ಮಾತಾಗಿಲ್ಲದಿದ್ದರೆ ಲಾಭ ಸಮಪಾಲು, ದುಡಿದದ್ದಕ್ಕೆ ಪ್ರತ್ಯೇಕ ಸಂಬಳವಿಲ್ಲ ಎನ್ನುತ್ತದೆ. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತುವವನಿಗೂ ಹನ್ನೊಂದಕ್ಕೆ ಬಂದು ಪೇಪರ್ ಓದುವವನಿಗೂ ಒಂದೇ ಪಾಲು. ಸಿಟ್ಟು ಬರದೆ ಇರುತ್ತದೆಯೆ? ಬೇಡವಾದರೆ ಮೊದಲೇ ಬೇರೆ ಮಾತು ಬರೆದುಕೊಳ್ಳಿ ಎಂದು ಕಾಯ್ದೆಯೇ ಬಾಗಿಲು ತೆರೆದಿಟ್ಟಿದೆ. ಬರೆದುಕೊಳ್ಳುವವರು ಕಡಿಮೆ.

ಮನೆಯೊಳಗೆ ಬಂದರೆ ಲೆಕ್ಕ ಇನ್ನೂ ಮಸುಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. ಇದು ಸಂಬಳವಿಲ್ಲದ ಕೆಲಸದ ಮಾತು. 1979ರಲ್ಲಿ ಕೆನಡಾದ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ, ತಿಂಡಿ ಮಾಡುವುದರಿಂದ ಹಿಡಿದು ಜಗಳ ತೆಗೆಯುವವರೆಗೆ ಇಪ್ಪತ್ತು ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರು. ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಪಾಲು ಕೂಡಿಸಿದರೆ ನೂರು ದಾಟಿತು. ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ತಾನು ಮಾಡಿದ್ದು ತನಗೆ ನೆನಪಿರುತ್ತದೆ, ಇನ್ನೊಬ್ಬರು ಮಾಡಿದ್ದು ಕಣ್ಣಿಗೇ ಬಿದ್ದಿರುವುದಿಲ್ಲ. ಗುಬ್ಬಿಯ ನಿಟ್ಟೂರು ಕಡೆ ಹೆಲಿಕಾಪ್ಟರ್ ಕಾರ್ಖಾನೆ, ಇತ್ತ ವಸಂತನರಸಾಪುರದ ಗಾರ್ಮೆಂಟ್ಸು, ಆಹಾರ ಘಟಕಗಳು ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಶಿಫ್ಟಿಗೆ ಹೋಗುವ ಮನೆಗಳು ಹೆಚ್ಚಿವೆ. ಸಂಜೆ ಬಂದು ಪಾತ್ರೆ ಯಾರು ತೊಳೆಯಬೇಕು ಎಂಬುದನ್ನು ಮದುವೆ ಮಾತುಕತೆಯಲ್ಲಿ ಯಾರೂ ಎತ್ತುವುದಿಲ್ಲ; ಚಿನ್ನದ ಗ್ರಾಮು, ಛತ್ರದ ಬಾಡಿಗೆಯ ಲೆಕ್ಕ ಮಾತ್ರ ಪೈಸೆ ಪೈಸೆಗೂ ಆಗಿರುತ್ತದೆ.

ಹೆಂಡತಿ ಗಂಡನಿಗೆ ಲೆಕ್ಕ ಕೇಳಿದ ಕತೆಗೆ ನಾವು ಹೊರದೇಶಕ್ಕೆ ಹೋಗಬೇಕಿಲ್ಲ. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಈ ಆಸೆ ನಮಗೇಕೆ ಎಂದು ತರಾಟೆಗೆ ತೆಗೆದುಕೊಂಡು, ಹೆಚ್ಚಿದ್ದನ್ನು ಅಲ್ಲೇ ಸುರಿದು ಬರಲು ಕಳಿಸುತ್ತಾಳೆ. ಮಾರಯ್ಯ ಹೋಗಿ ಸುರಿದು ಬರುತ್ತಾನೆ. ಇವತ್ತಿನ ಎಷ್ಟು ಮಾರಯ್ಯಂದಿರು ಹೋಗಿಯಾರು ಎಂಬುದು ಬೇರೆ ಮಾತು.

ಜಗಳದ ಬಗ್ಗೆಯೂ ಒಂದು ಮಾತು ಆಡಬೇಕು. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆ ಸಮಾಧಾನಕ್ಕೆ ಚೆನ್ನ, ಸತ್ಯಕ್ಕೆ ಸಾಲದು. ಅಮೆರಿಕದ ಜಾನ್ ಗಾಟ್‌ಮನ್ ವರ್ಷಾನುಗಟ್ಟಲೆ ದಂಪತಿಗಳ ಮಾತುಕತೆಯನ್ನು ಚಿತ್ರೀಕರಿಸಿ ನೋಡಿದವರು. ಜಗಳವಾಡುವುದರಿಂದ ಸಂಸಾರ ಮುರಿಯುವುದಿಲ್ಲ, ತಾತ್ಸಾರದಿಂದ ಮುರಿಯುತ್ತದೆ ಎನ್ನುತ್ತಾರೆ: ಮೂತಿ ತಿರುವುವುದು, ಹಂಗಿಸುವುದು, ‘ನಿನ್ನಪ್ಪನ ಮನೇಲಿ ಇದೇ ಕಲಿಸಿದ್ದು’ ಎನ್ನುವುದು. ಕೆಲಸದ ಜಾಗಕ್ಕೂ ಇದು ಸಲ್ಲುತ್ತದೆ. ಗೂಗಲ್ ಕಂಪನಿ 2012ರಿಂದ ತನ್ನ 180 ತಂಡಗಳನ್ನು ಪರೀಕ್ಷಿಸಿದಾಗ ಗೆದ್ದ ತಂಡಗಳ ಗುಟ್ಟು ಜಾಣರ ಸಂಖ್ಯೆಯಲ್ಲಿ ಸಿಗಲಿಲ್ಲ. ಗೊತ್ತಿಲ್ಲ ಎನ್ನಲು, ತಪ್ಪಾಯಿತು ಎನ್ನಲು ಹೆದರಬೇಕಿಲ್ಲದ ತಂಡಗಳು ಮುಂದೆ ಬಂದಿದ್ದವು. ತಲೆ ತಗ್ಗಿಸಿ ‘ಆಯ್ತು ಸಾರ್’ ಎನ್ನುವ ನಮ್ಮ ಕಚೇರಿಗಳಿಗೆ ಇದು ಕಷ್ಟದ ಪಾಠ.

ಲೆಕ್ಕವನ್ನು ಗಟ್ಟಿಯಾಗಿ ಓದುವ ಧೈರ್ಯವನ್ನು ಈ ಜಿಲ್ಲೆಯಲ್ಲಿ ತೋರಿಸಿದವರು ಸಂಘದ ಹೆಂಗಸರು. 2000ದ ಇಸವಿಯಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹದಿನೈದು ಇಪ್ಪತ್ತು ಜನರ ಗುಂಪುಗಳಾದವು. ವಾರಕ್ಕೊಮ್ಮೆ ಕೂತು, ಉಳಿತಾಯ ಎಷ್ಟು, ಸಾಲ ಯಾರ ಹತ್ತಿರ, ಕಂತು ಯಾರದು ಬಾಕಿ ಎಂದು ಎಲ್ಲರ ಮುಂದೆ ಓದುತ್ತಾರೆ. ಓದಲು ಬಾರದವರಿಗೂ ಬಾಯಲ್ಲಿ ಲೆಕ್ಕ ನಿಂತಿರುತ್ತದೆ. ಪುಸ್ತಕ ಒಬ್ಬರ ಮನೆಯ ಬೀರು ಸೇರಿ, ಓದುವುದು ನಿಂತ ಸಂಘಗಳು ಎರಡು ಮೂರು ವರ್ಷದಲ್ಲಿ ಮುಚ್ಚಿಕೊಂಡವು. ಸಂಘದಲ್ಲಿ ಕಲಿತ ಈ ಅಭ್ಯಾಸವನ್ನು ಅದೇ ಹೆಂಗಸರು ಮನೆಯಲ್ಲಿ ನಡೆಸಲು ಹೋದರೆ ಮಾತ್ರ ‘ಬಹಳ ಕಲಿತುಬಿಟ್ಟಳು’ ಎಂಬ ಮಾತು ಬರುತ್ತದೆ. ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ರಾಜ್ಯ. ಕಾಯ್ದೆ ಕೊಟ್ಟ ಪಾಲನ್ನು ಅರಿಸಿನ ಕುಂಕುಮದ ಸೀರೆಯಲ್ಲಿ ತೀರಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳು ಇನ್ನೂ ಇವೆ.

ಮನೆ ಮತ್ತು ಕೆಲಸವನ್ನು ಒಂದೇ ಮಡಕೆಯಲ್ಲಿ ಬೇಯಿಸಬೇಕೆ? 1981ರಲ್ಲಿ ಇನ್ಫೊಸಿಸ್ ಶುರುವಾದಾಗ ಬಂಡವಾಳದ ಹತ್ತು ಸಾವಿರ ರೂಪಾಯಿ ಕೊಟ್ಟದ್ದು ಸುಧಾ ಮೂರ್ತಿ. ಆದರೆ ಗಂಡ ಹೆಂಡತಿ ಇಬ್ಬರೂ ಕಂಪನಿಯಲ್ಲಿ ಇರುವುದು ಬೇಡ ಎಂದು ನಾರಾಯಣಮೂರ್ತಿ ಕಟ್ಟು ಮಾಡಿದರು. ಎಂಜಿನಿಯರಾಗಿದ್ದ ಸುಧಾ ಹೊರಗುಳಿದರು. ಏಳು ಪಾಲುದಾರರ ಕಂಪನಿಗೆ ಅದರಿಂದ ಒಳಿತಾಗಿರಬಹುದು. ಹೊರಗೆ ನಿಂತದ್ದು ಹೆಂಡತಿಯೇ ಏಕೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಗುಬ್ಬಿ ಕಂಪನಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದೂ ಬಾಳಿತು. ಹಾಗಾಗಿ ಇಲ್ಲಿ ಒಂದೇ ಸೂತ್ರ ಹುಡುಕುವುದು ವ್ಯರ್ಥ. ಯಾವ ದಾರಿಯಾದರೂ ಸರಿ, ಅದನ್ನು ಇಬ್ಬರೂ ಕೂತು ಆರಿಸಿಕೊಂಡಿದ್ದಾರೆಯೆ ಎಂದಷ್ಟೇ ನೋಡಬೇಕು.

ಕೊನೆಗೆ, ಅಡಿಕೆ ಮಂಡಿಯೋ ಹಾರ್ಡ್‌ವೇರ್ ಅಂಗಡಿಯೋ ಜೊತೆಗೂಡಿ ತೆರೆಯಲು ಹೊರಟಿರುವ ಓದುಗರಿಗೆ ಒಂದು ಮಾತು. ನೋಂದಣಿಯಾಗದ ಸಂಸ್ಥೆ ತನಗೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಆದ್ದರಿಂದ ಬಾಗಿಲು ತೆರೆಯುವ ಮೊದಲು ಪತ್ರ ಬರೆಸಿ ಜಿಲ್ಲಾ ನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಪಾಲುದಾರರಲ್ಲಿ ಒಬ್ಬರು ತೀರಿಕೊಂಡರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಅದರ ಬಗ್ಗೆ ಪತ್ರದಲ್ಲಿ ಹಾಕುವ ಕಲಮು ಹೇಗಿರಬೇಕೆಂದು ಪತ್ರ ಬರೆಯುವವರಿಗೆ ಬಿಡಬೇಡಿ, ನೀವೇ ಮಾತಾಡಿ ತೀರ್ಮಾನಿಸಿ. ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ ಸಂಸ್ಥೆಯ ಪೂರ್ತಿ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ, ಎಂದರೆ ನಿಮ್ಮ ಪಾಲುದಾರ ಮಾಡಿದ ಸಾಲ ನೀವು ವಾಸವಿರುವ ಮನೆಯವರೆಗೂ ಬರಬಹುದು. ಆ ಮನೆಯಲ್ಲಿ ಇರುವವರ ಸಹಿಯನ್ನು ಕಾಯ್ದೆ ಕೇಳುವುದಿಲ್ಲ. ಆದರೂ ಸಹಿ ಹಾಕುವ ಹಿಂದಿನ ರಾತ್ರಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಅವರ ಮುಂದೆ ಓದಿ ಹೇಳಿ.